ಬ್ಯಾಸ್ಕೆಟ್‌ಬಾಲ್ ಆಟಗಾರರ ವೃತ್ತಿಜೀವನ: ಮುಂಬಯಿ ಮತ್ತು ಕರ್ನಾಟಕ

ಭಾರತದಲ್ಲಿ ಬ್ಯಾಸ್ಕೆಟ್‌ಬಾಲ್ ನಂಬಿ ಬದುಕಿದವರಲ್ಲಿ ಬಹುಪಾಲು ಮಂದಿಗೆ ಸಂಬಳ ಕೊಟ್ಟದ್ದು ರೈಲ್ವೆ, ಬ್ಯಾಂಕು, ಸೇನೆ, ಪೊಲೀಸ್ ಇಲಾಖೆ ಮತ್ತು ಸರ್ಕಾರಿ ಕಾರ್ಖಾನೆಗಳು. ಕ್ಲಬ್ಬಿನ ಜೊತೆ ಕರಾರು ಮಾಡಿಕೊಂಡು ಬರೀ ಆಟಕ್ಕೇ ಹಣ ಪಡೆಯುವ ಪದ್ಧತಿ ಇಲ್ಲಿ ಬೇರೂರಲು ಯತ್ನಿಸಿದ್ದು ತೀರ ಈಚೆಗೆ. ಹಾಗಾಗಿ ಇಲ್ಲಿನ ಆಟಗಾರರ ಚರಿತ್ರೆಯನ್ನು ಪದಕಗಳ ಪಟ್ಟಿಯಿಂದ ತಿಳಿಯುವುದಕ್ಕಿಂತ ನೌಕರಿಯ ದಾರಿಯಿಂದ ತಿಳಿಯುವುದೇ ಸರಿ.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ರೂಪಿಸಿದ ಈ ಆಟ ವೈಎಂಸಿಎ ಸಂಸ್ಥೆಗಳ ಮೂಲಕ ಭಾರತಕ್ಕೆ ಬಂತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ತರಬೇತಾದ ವ್ಯಾಯಾಮ ಶಿಕ್ಷಕರು ದಕ್ಷಿಣದ ಶಾಲೆಗಳಿಗೆ ಇದನ್ನು ಹೊತ್ತು ತಂದರು. ಪುರುಷರ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ 1934ರಲ್ಲಿ ದೆಹಲಿಯಲ್ಲಿ ನಡೆಯಿತು. ಭಾರತ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ 1950ರಲ್ಲಿ ಸ್ಥಾಪನೆಯಾಯಿತು.

ಮುಂಬಯಿಯಲ್ಲಿ ಆಟದ ತವರು ನಾಗಪಾಡಾ. ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಮಿಷನರಿ 1920ರ ದಶಕದಲ್ಲಿ ಅಲ್ಲಿ 'ನಾಗಪಾಡಾ ನೇಬರ್‌ಹುಡ್ ಹೌಸ್' ತೆರೆದರು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಶುರುವಾದದ್ದೂ ಅಲ್ಲಿಯೇ. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಮೂಲ ಅದು. ಕ್ರಿಕೆಟ್ಟಿಗೆ ಬಯಲೇ ಇಲ್ಲದ ಇಕ್ಕಟ್ಟಿನ ಆ ಬಡಾವಣೆಯಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಬೇಕಾದದ್ದು 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ, ಎರಡು ಕಂಬ. ದುಡಿಮೆಗಾರರ ಮನೆಗಳ ಹುಡುಗರು ಅಷ್ಟರಲ್ಲೇ ಬೆಳೆದರು. ಅವರಲ್ಲಿ ಹೆಸರಾದವರು ಅಬ್ಬಾಸ್ ಮುಂತಸಿರ್. ಪ್ರೇಕ್ಷಕರನ್ನು ಕುಣಿಸುವಂಥ ಆಟದಿಂದ 'ಶೋಮನ್' ಎನಿಸಿಕೊಂಡ ಅವರು ಭಾರತ ತಂಡದ ನಾಯಕರಾದರು, 1970ರ ಅರ್ಜುನ ಪ್ರಶಸ್ತಿ ಪಡೆದರು. 1975ರಲ್ಲಿ ಬ್ಯಾಂಕಾಕಿನ ಏಷ್ಯಾ ಚಾಂಪಿಯನ್‌ಶಿಪ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೇರಿತು. ಭಾರತದ ಪುರುಷರಿಗೆ ಆ ಎತ್ತರ ಮತ್ತೆ ಸಿಕ್ಕಿಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಹಲವು ದೇಶಗಳು ಹಿಂದೆ ಸರಿದಿದ್ದರಿಂದ ಅವಕಾಶ ದೊರೆತ ಭಾರತ, ಆಡಿದ ಎಲ್ಲ ಪಂದ್ಯಗಳನ್ನೂ ಸೋತಿತು.

ಈ ತಲೆಮಾರಿನ ಆಟಗಾರರು ಊಟಕ್ಕೆ ನೆಚ್ಚಿದ್ದು ಕ್ರೀಡಾ ಕೋಟಾದ ಕೆಲಸವನ್ನು. ರಾಜ್ಯ ತಂಡದಲ್ಲೋ ವಿಶ್ವವಿದ್ಯಾಲಯದ ತಂಡದಲ್ಲೋ ಮಿಂಚಿದ ಹುಡುಗನನ್ನು ಸಂಸ್ಥೆ ಕರೆದು ಕೆಲಸ ಕೊಡುತ್ತದೆ. ಬೆಳಿಗ್ಗೆ ಅಭ್ಯಾಸ, ಆಮೇಲೆ ಕಚೇರಿ, ಸಂಜೆ ಮತ್ತೆ ಅಭ್ಯಾಸ. ಟೂರ್ನಿ ಬಂದರೆ ವಿಶೇಷ ರಜೆ. ಮೊಣಕಾಲು ಸವೆದು ಆಟ ನಿಂತ ಮೇಲೂ ಕುರ್ಚಿ ಉಳಿಯುತ್ತದೆ, ಬಡ್ತಿ ಬರುತ್ತದೆ. ಆರಡಿ ಮೀರಿದ ಗುಮಾಸ್ತರೊಬ್ಬರು ಕೌಂಟರಿನ ಹಿಂದೆ ಬೆನ್ನು ಬಗ್ಗಿಸಿ ಪಾಸ್‌ಬುಕ್ ಬರೆದುಕೊಡುತ್ತಿದ್ದರೆ ಅವರು ಒಂದು ಕಾಲಕ್ಕೆ ರಾಜ್ಯಕ್ಕೆ ಆಡಿದವರಾಗಿರುವ ಸಾಧ್ಯತೆ ಇತ್ತು. ಮಧ್ಯಮವರ್ಗದ ಮನೆಗಳು ಮಕ್ಕಳನ್ನು ಅಂಕಣಕ್ಕೆ ಕಳಿಸಲು ಒಪ್ಪಿದ್ದರ ಹಿಂದೆ ಈ ಭರವಸೆಯಿತ್ತು. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿ ಮಧ್ಯ ರೈಲ್ವೆಯ ಲೋಕಲ್ ಹಿಡಿದು ದಿನಾ ಕೆಲಸಕ್ಕೆ ಹೋಗಿಬರುವ ಕನ್ನಡ ಕುಟುಂಬಗಳಿಗೆ ರೈಲ್ವೆ ಅಥವಾ ಬ್ಯಾಂಕಿನ ನೌಕರಿಯ ಬೆಲೆ ಏನೆಂದು ವಿವರಿಸಬೇಕಿಲ್ಲ. ಇದನ್ನು ಹವ್ಯಾಸಿ ಆಟವೆಂದು ತಳ್ಳಿಹಾಕುವುದು ಅನ್ಯಾಯ. ದೇಶದ ಬ್ಯಾಸ್ಕೆಟ್‌ಬಾಲ್ ಉಳಿದದ್ದೇ ಈ ವ್ಯವಸ್ಥೆಯಿಂದ.

ಕರ್ನಾಟಕದಲ್ಲಿ ಇದರ ಗಟ್ಟಿ ಉದಾಹರಣೆ ವಿಜಯಾ ಬ್ಯಾಂಕ್. 1931ರಲ್ಲಿ ಎ.ಬಿ. ಶೆಟ್ಟಿಯವರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಹುಟ್ಟಿ 1980ರಲ್ಲಿ ರಾಷ್ಟ್ರೀಕರಣಗೊಂಡ ಈ ಬ್ಯಾಂಕು ಬೆಂಗಳೂರಿನಲ್ಲಿ ಬಲವಾದ ಪುರುಷರ ತಂಡ ಕಟ್ಟಿತ್ತು. ಕಂಠೀರವ ಕ್ರೀಡಾಂಗಣದ ಹೊರಾಂಗಣ ಅಂಕಣದಲ್ಲಿ ಅದಕ್ಕೆ ಎದುರಾಗುತ್ತಿದ್ದದ್ದು ಸೇನೆಯ ಎಂಇಜಿ, ಎಎಸ್‌ಸಿ ತಂಡಗಳು, ಮಲ್ಲೇಶ್ವರದ ಬೀಗಲ್ಸ್‌ನಂಥ ಬಡಾವಣೆ ಕ್ಲಬ್ಬುಗಳು. ಕ್ಲಬ್ಬು ಹುಡುಗನಿಗೆ ಆಟ ಕಲಿಸುತ್ತಿತ್ತು, ಬ್ಯಾಂಕು ಬದುಕು ಕೊಡುತ್ತಿತ್ತು. ಮಂಡ್ಯ, ವಿದ್ಯಾನಗರಗಳ ಕ್ರೀಡಾ ಹಾಸ್ಟೆಲ್‌ಗಳಿಂದ ಹಳ್ಳಿಯ ಮಕ್ಕಳೂ ಬಂದರು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದಾಗ ಕರಾವಳಿಯ ಜನ ಮರುಗಿದ್ದಕ್ಕೆ ಬೇರೆ ಕಾರಣಗಳಿದ್ದವು. ಅಂಕಣದ ಜನಕ್ಕೆ ಅಳಿಸಿಹೋದದ್ದು ಜೆರ್ಸಿಯ ಮೇಲಿನ ಹೆಸರು. ಆಟಗಾರರು ಹೊಸ ಬ್ಯಾಂಕಿನ ಹೆಸರಲ್ಲಿ ಆಡತೊಡಗಿದರು.

ಮಹಿಳೆಯರಲ್ಲಿ ರೈಲ್ವೆಯದೇ ಮೇಲುಗೈ. ವಿದೇಶಿ ಕರಾರಿನ ದಾರಿ ತೆರೆದವರೂ ರೈಲ್ವೆಯವರೇ. ಕೇರಳದ ಗೀತು ಅನ್ನಾ ಜೋಸ್ ಮೊದಲು ವಾಲಿಬಾಲ್ ಆಡುತ್ತಿದ್ದವರು. ದಕ್ಷಿಣ ರೈಲ್ವೆ ಸೇರಿದ ಅವರು 2006ರಿಂದ 2008ರವರೆಗೆ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಕ್ಲಬ್ಬಿಗೆ ಆಡಿದರು. 2011ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯೂಎನ್‌ಬಿಎಯ ಮೂರು ತಂಡಗಳು ಅವರನ್ನು ಆಯ್ಕೆ ಪರೀಕ್ಷೆಗೆ ಕರೆದವು, ಕರಾರು ಕೈಗೂಡಲಿಲ್ಲ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಪರದೇಶದಲ್ಲಿ ಆಡಿ ಬಂದವರಿಗೆ ಮರಳಲು ಒಂದು ಇಲಾಖೆ ಇತ್ತು ಎಂಬುದು ಗಮನಿಸಬೇಕಾದ ಮಾತು.

ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ ಅವರಿಗೆ ಆ ಆಸರೆ ಇರಲಿಲ್ಲ. ಏಳಡಿ ಎರಡಿಂಚು ಎತ್ತರದ ಅವರು ಹದಿಹರೆಯದಲ್ಲೇ, 2010ರಲ್ಲಿ, ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಹೋದರು. 2015ರ ಜೂನ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡಲ್ಲಾಸ್ ಮ್ಯಾವರಿಕ್ಸ್ ತಂಡ ಅವರನ್ನು 52ನೆಯ ಆಯ್ಕೆಯಾಗಿ ಎತ್ತಿಕೊಂಡಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಅವರೇ. ಆದರೆ ಮುಖ್ಯ ಲೀಗಿನ ಅಂಕಣಕ್ಕೆ ಇಳಿಯುವ ಯೋಗ ಬರಲಿಲ್ಲ. ಕೆಳಹಂತದ ಟೆಕ್ಸಾಸ್ ಲೆಜೆಂಡ್ಸ್, ಬಳಿಕ ಕೆನಡಾದ ಸೇಂಟ್ ಜಾನ್ಸ್ ಎಡ್ಜ್ ತಂಡಗಳಿಗೆ ಆಡಿದರು. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷ ನಿಷೇಧಕ್ಕೊಳಗಾದ ಅವರು ಮುಂದೆ ಅಮೆರಿಕದ ವೃತ್ತಿಪರ ಕುಸ್ತಿಗೆ ಹೊರಳಿದರು. ಇಪ್ಪತ್ತರ ಹರೆಯಕ್ಕೂ ಮುನ್ನ ಶಿಖರ ಮುಟ್ಟಿದ ಒಬ್ಬ ಹುಡುಗನ ಹೆಗಲ ಮೇಲೆ ಇಡೀ ದೇಶದ ಆಸೆಯನ್ನು ಹೇರಿದ್ದು ತಪ್ಪು. ಅವರ ಹಿಂದೆ ಪಳಗಿಸುವ ಲೀಗ್ ಇಲ್ಲಿ ಇರಲಿಲ್ಲ.

ಆ ಕೊರತೆ ತುಂಬಲು 2015ರಲ್ಲಿ ಶುರುವಾದ ಯುಬಿಎ ಲೀಗಿನಲ್ಲಿ ಬೆಂಗಳೂರು ಬೀಸ್ಟ್, ಮುಂಬಯಿ ಚಾಲೆಂಜರ್ಸ್ ಸೇರಿ ಎಂಟು ತಂಡಗಳಿದ್ದವು. 2017ರ ನಂತರ ಅದು ನಿಂತುಹೋಯಿತು. 2022ರಲ್ಲಿ ಆರಂಭವಾದ ಐಎನ್‌ಬಿಎಲ್ ಲೀಗಿನ ಮೊದಲ ಆವೃತ್ತಿಯಲ್ಲಿ ಬೆಂಗಳೂರು ಕಿಂಗ್ಸ್, ಮುಂಬಯಿ ಟೈಟನ್ಸ್ ಸೇರಿ ಆರು ನಗರಗಳ ತಂಡಗಳು ಆಡಿದವು. 2019ರ ಅಕ್ಟೋಬರ್‌ನಲ್ಲಿ ಮುಂಬಯಿಯ ವರ್ಲಿಯಲ್ಲಿ ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್, ಇಂಡಿಯಾನಾ ಪೇಸರ್ಸ್ ಎರಡು ಪ್ರದರ್ಶನ ಪಂದ್ಯ ಆಡಿ ಹೋದವು. ಆ ಸಂಭ್ರಮದಿಂದ ಇಲ್ಲಿನ ಆಟಗಾರರ ತಿಂಗಳ ಆದಾಯ ಬದಲಾಗಲಿಲ್ಲ.

ಬೆಂಗಳೂರಿನ ಮಟ್ಟಿಗೆ ಮರೆಯಲಾಗದ್ದು 2017ರ ಜುಲೈ. ಕಂಠೀರವ ಒಳಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತ ಕಜಾಕಿಸ್ತಾನವನ್ನು 75–73ರಿಂದ ಮಣಿಸಿ ಮೇಲಿನ ವಿಭಾಗಕ್ಕೆ ಏರಿತು. ಆ ತಂಡದಲ್ಲಿ ಕರ್ನಾಟಕದ ಪಿ.ಯು. ನವನೀತಾ ಇದ್ದರು. ಎರಡೇ ಅಂಕಗಳ ಆ ಗೆಲುವು ಊರಿನ ಅಂಕಣಗಳ ಹುಡುಗಿಯರಿಗೆ ದೊಡ್ಡ ಧೈರ್ಯ ಕೊಟ್ಟಿರಲೇಬೇಕು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಪೂರ್ಣ ವಿದ್ಯಾರ್ಥಿವೇತನ ಪಡೆದು ಆಡಿದರು. ಓದು, ಆಟ ಎರಡನ್ನೂ ಒಟ್ಟಿಗೆ ಕೊಂಡೊಯ್ಯುವ ಈ ಕಾಲೇಜು ದಾರಿ ಕ್ರೀಡಾ ಕೋಟಾದ ಜೊತೆಗೆ ಈಗ ತೆರೆದಿರುವ ಇನ್ನೊಂದು ಬಾಗಿಲು.