ಒಂದರ ಬಹುವಚನ ಹತ್ತು

ವೊಲಾಪ್ಯೂಕ್ ಭಾಷೆಯ ಹಳೆಯ ವ್ಯಾಕರಣಕ್ಕೂ ಹೊಸ ವ್ಯಾಕರಣಕ್ಕೂ ‘ಹತ್ತು’ ತಾಳೆಯಾಗುವುದಿಲ್ಲ. ಹಳೆಯದರಲ್ಲಿ ಅದು ‘ಬಾಲ್ಸ್’, ಹೊಸದರಲ್ಲಿ ‘ದೇಗ್’. ಒಂದರಿಂದ ಒಂಬತ್ತರವರೆಗಿನ ಪದಗಳು ಮಾತ್ರ ಎರಡರಲ್ಲೂ ಅವೇ. ಹತ್ತನ್ನು ಬದಲಾಯಿಸಿದವರು ಯಾರು, ಯಾವಾಗ, ಏಕೆ? ಇದನ್ನು ತಿಳಿಯಬೇಕೆಂದು ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಲ್ಲಿ ಸಂಖ್ಯಾಪದಗಳ ಪುಟಗಳನ್ನೇ ಹುಡುಕಿ ಹುಡುಕಿ ಓದಿದೆ.

ಮೂಲ 1880ರ ಪುಸ್ತಕ. ಕರ್ತೃ ಯೋಹಾನ್ ಮಾರ್ಟಿನ್ ಶ್ಲೇಯರ್, ಜರ್ಮನಿಯ ಕಾನ್‌ಸ್ಟಾನ್ಸ್ ಬಳಿಯ ಲಿಟ್ಸೆಲ್‌ಸ್ಟೆಟನ್‌ನಲ್ಲಿದ್ದ ಕ್ಯಾಥೊಲಿಕ್ ಪಾದ್ರಿ. 1879ರಲ್ಲಿ ನಿದ್ದೆಬಾರದ ಒಂದು ರಾತ್ರಿ ಇಡೀ ಜಗತ್ತಿಗೆ ಒಂದು ಭಾಷೆ ಕಟ್ಟುವ ಯೋಚನೆ ಅವರಿಗೆ ಹೊಳೆಯಿತು. ಬಾಲ್, ತೇಲ್, ಕೀಲ್, ಫೋಲ್, ಲೂಲ್, ಮ್ಯಾಲ್, ವೇಲ್, ಶೋಲ್, ತ್ಸೂಲ್: ಅವರ ಒಂಬತ್ತು ಅಂಕಿಗಳು ಇವು. ಒಂದರಲ್ಲೂ ರಕಾರವಿಲ್ಲ. ಅದನ್ನು ಉಚ್ಚರಿಸಲು ಚೀನೀಯರಂಥವರಿಗೆ ಕಷ್ಟವಾದೀತೆಂದು ಶ್ಲೇಯರ್ ಅದನ್ನು ಆದಷ್ಟೂ ದೂರವಿಟ್ಟಿದ್ದರು.

ಅವರ ಜಾಣ್ಮೆ ಕಾಣುವುದು ಇದರ ಮುಂದಿನ ಹೆಜ್ಜೆಯಲ್ಲಿ. ಈ ಭಾಷೆಯಲ್ಲಿ ನಾಮಪದಕ್ಕೆ ‘ಸ್’ ಸೇರಿದರೆ ಬಹುವಚನ. ಅದೇ ‘ಸ್’ ಅಂಕಿಗೆ ಸೇರಿದರೆ ಹತ್ತುಪಟ್ಟು. ಬಾಲ್ ಒಂದು, ಬಾಲ್ಸ್ ಹತ್ತು. ತೇಲ್ ಎರಡು, ತೇಲ್ಸ್ ಇಪ್ಪತ್ತು. ನಡುವೆ ‘ಮತ್ತು’ ಎಂಬರ್ಥದ ‘ಎ’ ಬಂದರೆ ಎಂಬತ್ತೆಂಟು ‘ಶೋಲ್ಸೆಶೋಲ್’ ಆಗುತ್ತದೆ. ಹತ್ತಕ್ಕೆಂದು ಬೇರೆ ಪದವೇ ಬೇಡ. ಕಾಗದದ ಮೇಲೆ ಇದು ನಿಜಕ್ಕೂ ಸುಂದರ. ಆದರೆ ಬಾಯಿಬಿಟ್ಟು ಹೇಳಿನೋಡಿ. ಒಂಬತ್ತೂ ‘ಲ್’ನಲ್ಲೇ ಮುಗಿಯುತ್ತವೆ, ಮೂರಕ್ಕೂ ಮೂವತ್ತಕ್ಕೂ ಇರುವ ಅಂತರ ಕೊನೆಯ ಒಂದು ಸಕಾರ ಮಾತ್ರ. ಸಂತೆಯ ಗದ್ದಲದಲ್ಲಿ ಅದು ಕಿವಿಗೆ ಬೀಳದಿದ್ದರೆ ವ್ಯಾಪಾರವೇ ಕೆಟ್ಟಂತೆ. ಕನ್ನಡದ ‘ಮೂವತ್ತು’ ಮೂರನ್ನೂ ಹತ್ತನ್ನೂ ತನ್ನೊಳಗೆ ಇಟ್ಟುಕೊಂಡಿರುವುದರಿಂದ ನಮಗೆ ಈ ಭಯವಿಲ್ಲ.

ಲೆಕ್ಕ ಬಲ್ಲವರ ಕಣ್ಣಿಗೆ ಇದು ಬೀಳಲಿಲ್ಲವೇ ಎಂದು 1888ರ ಇಂಗ್ಲಿಷ್ ಕೈಪಿಡಿಯೊಂದನ್ನು ತೆರೆದೆ. ಅದನ್ನು ಬರೆದ ಚಾರ್ಲ್ಸ್ ಸ್ಪ್ರೇಗ್ ನ್ಯೂಯಾರ್ಕಿನ ಬ್ಯಾಂಕರ್, ಅಮೆರಿಕದ ಲೆಕ್ಕಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಜಮಾಖರ್ಚಿನಲ್ಲಿ ಒಂದು ಸೊನ್ನೆಯ ಬೆಲೆ ಏನೆಂದು ಅವರಷ್ಟು ಬಲ್ಲವರು ವಿರಳ. ಅವರ ಕೈಪಿಡಿಯಲ್ಲೂ ಇರುವುದು ಶ್ಲೇಯರ್ ಅವರ ‘ಬಾಲ್ಸ್’.

ಹಾಗೆಂದು ತಿದ್ದುಪಡಿಯ ಮಾತೇ ಏಳಲಿಲ್ಲವೆಂದಲ್ಲ. 1887ರ ಮ್ಯೂನಿಕ್ ಸಮ್ಮೇಳನದಲ್ಲಿ ಭಾಷೆಗೊಂದು ಅಕಾಡೆಮಿ ಹುಟ್ಟಿತು. ಗೂಢಲಿಪಿ ಶಾಸ್ತ್ರದಲ್ಲಿ ಇಂದಿಗೂ ಹೆಸರುವಾಸಿಯಾದ ಆಗುಸ್ಟ್ ಕೆರ್ಕ್‌ಹಾಫ್ಸ್ ಅದರ ನಿರ್ದೇಶಕರಾದರು. ಭಾಷೆ ಸರಳವಾಗಬೇಕು ಎಂಬುದು ಅವರ ಪಟ್ಟು; ಕೊನೆಯ ಮಾತು ತನ್ನದೇ ಆಗಿರಬೇಕು ಎಂಬುದು ಶ್ಲೇಯರ್ ಅವರ ಹಟ. 1889ರ ಪ್ಯಾರಿಸ್ ಸಮ್ಮೇಳನದ ನಂತರ ಚಳವಳಿ ಒಡೆಯಿತು. ಅಕಾಡೆಮಿ ತಿದ್ದುತ್ತ ತಿದ್ದುತ್ತ 1902ರ ಹೊತ್ತಿಗೆ ‘ಇಡಿಯೊಮ್ ನ್ಯೂಟ್ರಲ್’ ಎಂಬ ಬೇರೆಯೇ ಭಾಷೆಯನ್ನು ಪ್ರಕಟಿಸಿತು. ಅದರ ಅಂಕಿಗಳು ‘ಉನ್, ದು, ತ್ರಿ’ ಎಂದು ಲ್ಯಾಟಿನ್ ದಾರಿ ಹಿಡಿದವು.

ಶ್ಲೇಯರ್ 1912ರಲ್ಲಿ ತೀರಿಕೊಂಡರು. ನಾನು ಹುಡುಕುತ್ತಿದ್ದ ‘ದೇಗ್’ ಸಿಕ್ಕಿದ್ದು 1931ರಲ್ಲಿ, ಡಚ್ ವೈದ್ಯ ಆರೀ ದೆ ಯೋಂಗ್ ಪರಿಷ್ಕರಿಸಿದ ವ್ಯಾಕರಣದಲ್ಲಿ. ಅಲ್ಲಿ ಇಪ್ಪತ್ತು ‘ತೇಲ್‌ದೇಗ್’, ಎಂಬತ್ತೆಂಟು ‘ಶೋಲ್‌ದೇಗ್‌ಶೋಲ್’. ಹತ್ತು ಈಗ ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಈ ಒಂದು ಪದಕ್ಕೆ ಅರ್ಧ ಶತಮಾನವೇ ಹಿಡಿಯಿತು.

ಇದೇ ಪರಿಹಾರ ಬೇರೊಂದೆಡೆ ಆಗಲೇ ಅಚ್ಚಾಗಿತ್ತು. 1887ರಲ್ಲಿ ವಾರ್ಸಾದಲ್ಲಿ ಲುಡ್ವಿಕ್ ಜಾಮೆನ್‌ಹಾಫ್ ಪ್ರಕಟಿಸಿದ ಎಸ್ಪೆರಾಂಟೊದಲ್ಲಿ ಎರಡು ‘ದು’, ಹತ್ತು ‘ದೆಕ್’, ಇಪ್ಪತ್ತು ‘ದುದೆಕ್’. ಅದೇ ಮೊದಲ ಪುಸ್ತಕದಲ್ಲಿ ಜಾಮೆನ್‌ಹಾಫ್ ಭಾಷೆಯ ಮೇಲಿನ ತನ್ನ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟು, ಅದು ಎಲ್ಲರ ಸೊತ್ತು ಎಂದು ಸಾರಿದರು.

ಶ್ಲೇಯರ್ ಅವರ ಪ್ರತಿಭೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಒಂದರ ಬಹುವಚನವೇ ಹತ್ತು ಎಂಬ ಕಲ್ಪನೆ ಸಾಧಾರಣ ತಲೆಗೆ ಹೊಳೆಯುವಂಥದ್ದಲ್ಲ. ಆದರೆ ಅಂಕಿಗಳು ನಿತ್ಯ ಬಾಯಲ್ಲಿ ಸವೆಯುವ ಪದಗಳು. ಅವುಗಳ ಕುಂದು ಗೊತ್ತಾಗುವುದು ಎಣಿಸುವವರಿಗೆ. ಭಾಷೆಯನ್ನು ಒಬ್ಬರೇ ಹುಟ್ಟಿಸಬಹುದು, ತಿದ್ದುವ ಅಧಿಕಾರ ಮಾತ್ರ ಆಡುವವರ ಕೈಗೆ ಬರಬೇಕು. ಅದು ಬರುವುದು ತಡವಾದಷ್ಟೂ ಆಡುವವರು ಕಡಿಮೆಯಾಗುತ್ತಾರೆ ಎಂಬುದಕ್ಕೆ ವೊಲಾಪ್ಯೂಕಿನ ಹತ್ತೇ ಸಾಕ್ಷಿ.