ತೊಟ್ಟವರು ಯಾರು, ಕಂಡವರು ಯಾರು

ಹೋದ ವರ್ಷ ದಸರಾ ಕಳೆದ ಮೇಲೆ ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು. ಭಾವ ತೀರಿಕೊಂಡು ವರ್ಷವಾಗಿತ್ತು. ಅಟ್ಟದ ಸಾಮಾನು ಇಳಿಸುವಾಗ ಗಾಜಿನ ಕಟ್ಟು ಹಾಕಿಸಿದ ಜರ್ಸಿಯೊಂದು ಸಿಕ್ಕಿತ್ತು. ನೀಲಿ ಬಣ್ಣ, ಬೆನ್ನಿನ ಮೇಲೆ 99, ಅಂಕಿಯ ಮೇಲೆ ಕಪ್ಪು ಶಾಯಿಯ ಸಹಿ, ಕೆಳಗಿನ ಹಿತ್ತಾಳೆ ಪಟ್ಟಿಯಲ್ಲಿ 61/99 ಎಂಬ ಕೆತ್ತನೆ. ಭಾವ ಎಡ್ಮಂಟನ್ನಿನಲ್ಲಿ ಎಂಟು ವರ್ಷ ಕೆಲಸದಲ್ಲಿದ್ದಾಗ ಕೊಂಡದ್ದು.

"ಅಲ್ಲಿ ಇಂಥಾದ್ದಕ್ಕೆ ಕೋಟಿಗಟ್ಟಲೆ ಕೊಡ್ತಾರಂತೆ ಕಣೇ. ನೀನು ದಿನಾ ಇಂಗ್ಲಿಷ್ ಕಾಗದಪತ್ರ ನೋಡೋಳು. ಇದರ ಬೆಲೆ ಎಷ್ಟು, ಸ್ವಲ್ಪ ವಿಚಾರಿಸು" ಅಂದಳು. ಮಗನ ಎರಡನೇ ವರ್ಷದ ಫೀಸು ಕಟ್ಟುವ ದಿನ ಹತ್ತಿರ ಬಂದಿತ್ತು. ಆ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಮಗೆ ಹಾಕಿ ಎಂದರೆ ಕೊಡಗು, ಹುಲ್ಲಿನ ಮೈದಾನ, ಬಾಗಿದ ಬೆನ್ನು. ಕೆನಡಾದಲ್ಲಿ ಬರಿಯ ಹಾಕಿ ಎಂದರೆ ಹಿಮಗಡ್ಡೆಯ ಮೇಲಿನ ಆಟ. ಚೆಂಡಿಲ್ಲ, ಪಕ್ ಎಂಬ ರಬ್ಬರಿನ ಬಿಲ್ಲೆ. ಅಲ್ಲಿ ಹಳಬರು ಜರ್ಸಿಗೆ ಇಂದಿಗೂ ಸ್ವೆಟರ್ ಎನ್ನುತ್ತಾರೆ, ಏಕೆಂದರೆ ಮೊದಲು ಅದು ನಿಜಕ್ಕೂ ಉಣ್ಣೆಯ ಸ್ವೆಟರೇ ಆಗಿತ್ತು. ರಾಕ್ ಕ್ಯಾರಿಯೆ 1979ರಲ್ಲಿ ಬರೆದ 'ದಿ ಹಾಕಿ ಸ್ವೆಟರ್' ಕಥೆಯಲ್ಲಿ, ಮಾಂಟ್ರಿಯಲ್ ತಂಡದ ಮೊರಿಸ್ ರಿಶಾರ್‌ನ 9ನೇ ನಂಬರಿನ ಸ್ವೆಟರಿಗೆ ಆಸೆಪಟ್ಟ ಹುಡುಗನಿಗೆ ಅಂಚೆಯಲ್ಲಿ ಎದುರಾಳಿ ಟೊರಾಂಟೊ ತಂಡದ ಸ್ವೆಟರ್ ಬರುತ್ತದೆ. 2002ರಲ್ಲಿ ಚಲಾವಣೆಗೆ ಬಂದ ಕೆನಡಾದ 5 ಡಾಲರ್ ನೋಟಿನ ಮೇಲೆ ಆ ಕಥೆಯ ಸಾಲುಗಳೇ ಅಚ್ಚಾಗಿದ್ದವು. ಒಂದು ಅಂಗಿಯ ಕಥೆಯನ್ನು ದುಡ್ಡಿನ ಮೇಲೆ ಅಚ್ಚು ಹಾಕಿಸಿದ ದೇಶದಲ್ಲಿ ಅಂಗಿಗೆ ದುಡ್ಡು ಸುರಿಯುವವರಿರುವುದು ಆಶ್ಚರ್ಯವಲ್ಲ.

ಅಸಲಿ ಎಂಬ ಒಂದೇ ಮಾತು

ಹರಾಜಿನ ಪಟ್ಟಿಗಳನ್ನು ಓದತೊಡಗಿದಾಗ ಮೊದಲು ಎಡವಿದ್ದು ಮಾತಿನಲ್ಲಿ. ನಾವು ಅಸಲಿ ಎಂದು ಮುಗಿಸಿಬಿಡುವ ಕಡೆ ಆ ವ್ಯಾಪಾರದಲ್ಲಿ ಮೂರು ನಾಲ್ಕು ಮಾತುಗಳಿವೆ. 'ರೆಪ್ಲಿಕಾ' ಎಂದರೆ ಅಭಿಮಾನಿಗಳಿಗಾಗಿ ತೆಳು ಬಟ್ಟೆಯಲ್ಲಿ ಹೊಲಿದದ್ದು. 'ಅಥೆಂಟಿಕ್' ಎಂದರೆ ಆಟಗಾರರ ಅಂಗಿಯ ಮಟ್ಟದಲ್ಲೇ ಹೊಲಿದದ್ದು, ಆದರೆ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದದ್ದು. 'ಗೇಮ್ ಇಶ್ಯೂಡ್' ಎಂದರೆ ಆಟಗಾರನಿಗೆಂದೇ ತಯಾರಾಗಿ ಅವನ ಮೈ ಸೇರದೆ ಉಳಿದದ್ದು. 'ಗೇಮ್ ವೋರ್ನ್' ಮಾತ್ರ ಅವನು ತೊಟ್ಟು ಆಡಿದ್ದು.

ಹೀಗಾಗಿ 'ಅಥೆಂಟಿಕ್ ಸೈನ್ಡ್ ಜರ್ಸಿ' ಎಂಬ ಒಕ್ಕಣೆ ಓದಿ, ಆಟಗಾರ ತೊಟ್ಟ ಅಂಗಿ ತಮ್ಮ ಕೈಗೆ ಬಂತೆಂದು ನಂಬಿದವರಿದ್ದಾರೆ. ಮಾರಿದವನು ಸುಳ್ಳು ಹೇಳಿರುವುದಿಲ್ಲ. ಬಟ್ಟೆ ಅಥೆಂಟಿಕ್, ಸಹಿಯೂ ಇದೆ. ತೊಟ್ಟದ್ದೆಂದು ಅವನು ಎಲ್ಲೂ ಬರೆದಿಲ್ಲ.

ಅಂಗಿಯ ಒಳಗೆ, ಬೆನ್ನಿನ ಕೆಳತುದಿಯಲ್ಲಿ, ಒಂದು ದಪ್ಪ ಪಟ್ಟಿ ಇರುತ್ತದೆ. ಹೆಸರು ಫೈಟ್ ಸ್ಟ್ರಾಪ್. ಈ ಆಟದಲ್ಲಿ ಕೈ ಕೈ ಮಿಲಾಯಿಸುವುದು ಮಾಮೂಲು. ಎದುರಾಳಿ ಅಂಗಿಯನ್ನು ತಲೆಯ ಮೇಲೆಳೆದು ಕಣ್ಣು ಮುಚ್ಚಿಸದಿರಲೆಂದು ಅಂಗಿಯನ್ನು ಈ ಪಟ್ಟಿಯಿಂದ ಚಡ್ಡಿಗೆ ಬಿಗಿಯುತ್ತಾರೆ. ಸಂಗ್ರಾಹಕರು ಮೊದಲು ಅಂಗಿ ಮಗುಚಿ ನೋಡುವುದು ಇದನ್ನೇ. ಆಮೇಲೆ ಮೈಯ ಮೇಲಿನ ಗುರುತುಗಳು: ಪಕ್ ಬಡಿದ ಕಪ್ಪು ಕಲೆ, ಅಂಕಣದ ಗೋಡೆಗೆ ಉಜ್ಜಿದ ತರಚು, ಕೋಲಿನ ಗೀರು, ತಂಡದ ಸಹಾಯಕ ಅವಸರದಲ್ಲಿ ಹಾಕಿದ ರಫೂ. ನಮ್ಮಲ್ಲಿ ಹರಿದ ಅಂಗಿಯ ಬೆಲೆ ಇಳಿಯುತ್ತದೆ, ಅಲ್ಲಿ ಹರಿದು ಹೊಲಿದ ಜಾಗಕ್ಕೇ ಬೆಲೆ ಏರುತ್ತದೆ. ಹಳೆಯ ಪಂದ್ಯದ ಚಿತ್ರದಲ್ಲಿ ಅದೇ ತೋಳಿನ ಅದೇ ಜಾಗದಲ್ಲಿ ಅದೇ ರಫೂ ಕಂಡರೆ ವಾದ ಮುಗಿದಂತೆ.

ಹಳೆಯ ಅಂಗಿಗಳು ಅಪರೂಪವಾಗಿರುವುದಕ್ಕೆ ಕಾರಣ ಸರಳ. ಆಗ ಅವನ್ನು ಕಾಪಿಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಹಂಗಾಮು ಮುಗಿದರೆ ಅವೇ ಅಂಗಿಗಳು ಕೆಳದರ್ಜೆಯ ತಂಡಗಳಿಗೆ ಹೋಗುತ್ತಿದ್ದವು, ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ. ಬೆನ್ನಿನ ಮೇಲೆ ಹೆಸರು ಕಡ್ಡಾಯವಾದದ್ದೇ 1977-78ರಲ್ಲಿ. ಟೊರಾಂಟೊ ತಂಡದ ಮಾಲೀಕ ಹೆರಾಲ್ಡ್ ಬ್ಯಾಲರ್ಡ್‌ಗೆ ಅದು ಸುತರಾಂ ಇಷ್ಟವಿರಲಿಲ್ಲ. ಬೆನ್ನ ಮೇಲೆಯೇ ಹೆಸರಿದ್ದರೆ ಆಟಗಾರರ ಪಟ್ಟಿಯಿರುವ ಪುಸ್ತಿಕೆಯನ್ನು ಕೊಳ್ಳುವವರಾರು? ಮಂಡಳಿ ಒತ್ತಾಯಿಸಿದಾಗ ಆತ ನೀಲಿ ಅಂಗಿಯ ಮೇಲೆ ನೀಲಿ ಅಕ್ಷರದಲ್ಲೇ ಹೆಸರು ಹೊಲಿಸಿದ. ನಿಯಮ ಪಾಲಿಸಿದ ಹಾಗೂ ಆಯಿತು, ಹೆಸರು ಯಾರಿಗೂ ಕಾಣದ ಹಾಗೂ ಆಯಿತು.

ಕೊನೆಯ 34 ಸೆಕೆಂಡು

ಒಂದು ಅಂಗಿಗೆ ಹತ್ತು ಲಕ್ಷ ಡಾಲರ್ ದಾಟಿದ ಬೆಲೆ ಬಂದ ಕಥೆ ಶುರುವಾಗುವುದು 1972ರ ಸೆಪ್ಟೆಂಬರಿನಲ್ಲಿ. ಕೆನಡಾದ ವೃತ್ತಿಪರ ಆಟಗಾರರು ಸೋವಿಯತ್ ತಂಡದ ಮೇಲೆ ಎಂಟು ಪಂದ್ಯ ಆಡಿದರು, ನಾಲ್ಕು ಕೆನಡಾದಲ್ಲಿ, ನಾಲ್ಕು ಮಾಸ್ಕೋದಲ್ಲಿ. ಸುಲಭದ ತುತ್ತು ಎಂದುಕೊಂಡಿದ್ದ ಕೆನಡಾ ಮಾಂಟ್ರಿಯಲ್ಲಿನ ಮೊದಲ ಪಂದ್ಯವನ್ನೇ 7-3ರಿಂದ ಸೋತಿತು. ಏಳು ಪಂದ್ಯ ಮುಗಿದಾಗ ಇಬ್ಬರದೂ ಮೂರು ಮೂರು ಗೆಲುವು, ಒಂದು ಡ್ರಾ. ಸೆಪ್ಟೆಂಬರ್ 28ರ ಕೊನೆಯ ಪಂದ್ಯದಲ್ಲಿ, ಆಟ ಮುಗಿಯಲು 34 ಸೆಕೆಂಡು ಉಳಿದಿದ್ದಾಗ, 19ನೇ ನಂಬರಿನ ಪಾಲ್ ಹೆಂಡರ್ಸನ್ ಗೋಲು ಹೊಡೆದ. ಪಂದ್ಯ 6-5. ಆ ದಿನ ಶಾಲೆಗಳಲ್ಲಿ ಪಾಠ ನಿಲ್ಲಿಸಿ ಮಕ್ಕಳಿಗೆ ಟೀವಿ ತೋರಿಸಿದ್ದರು. ಕೆನಡಾದಲ್ಲಿ ಆ ವಯಸ್ಸಿನವರು ಆ ಹೊತ್ತಿಗೆ ತಾವೆಲ್ಲಿದ್ದೆವೆಂಬುದನ್ನು ಇಂದಿಗೂ ಹೇಳುತ್ತಾರೆ.

ಆಮೇಲೆ ಹೆಂಡರ್ಸನ್ ತನ್ನ ಅಂಗಿಯನ್ನು ತಂಡದ ಸಹಾಯಕ ಜೋ ಸ್ಗ್ರೋಗೆ ಕೊಟ್ಟುಬಿಟ್ಟ. ಅದು ಸ್ನೇಹದ ಕೊಡುಗೆ, ಅಂಗಿ ಮಾರಿ ದುಡ್ಡು ಮಾಡುವ ಯೋಚನೆ ಆ ಕಾಲದ ಆಟಗಾರರಿಗೆ ಇರಲಿಲ್ಲ. ಅಲ್ಲಿಂದ ಅದು ಕೈ ಬದಲಾಯಿಸುತ್ತ 2010ರ ಜೂನಿನಲ್ಲಿ ಹರಾಜಿಗೆ ಬಂತು. ಟೊರಾಂಟೊದ ಉದ್ಯಮಿ ಮಿಚೆಲ್ ಗೋಲ್ಡ್‌ಹಾರ್ ಕೊಟ್ಟದ್ದು 12,75,707 ಡಾಲರ್, ಆಗಿನ ಲೆಕ್ಕದಲ್ಲಿ ಆರು ಕೋಟಿ ರೂಪಾಯಿಯ ಹತ್ತಿರ. ಕೊಂಡವರು ಅದನ್ನು ಕೆನಡಾದ ಊರೂರಿಗೆ ಒಯ್ದು ಜನರಿಗೆ ತೋರಿಸಿದರು.

ಸೈಟು ಕೊಳ್ಳುವಾಗ ನಮ್ಮ ಕಡೆ ಮೂಲಪತ್ರ ಕೇಳುತ್ತಾರೆ. ಯಾರಿಂದ ಯಾರಿಗೆ ಬಂತು, ನಡುವೆ ಕೊಂಡಿ ಕಳಚಿದೆಯೇ ಎಂದು ವಕೀಲರು ಮೂವತ್ತು ವರ್ಷ ಹಿಂದಕ್ಕೆ ನೋಡುತ್ತಾರೆ. ಜರ್ಸಿಯ ವ್ಯವಹಾರವೂ ಹೀಗೇ. ಹೆಂಡರ್ಸನ್ ಕೊಟ್ಟ, ಸ್ಗ್ರೋ ಪಡೆದ ಎಂಬ ಮೊದಲ ಕೊಂಡಿ ಗಟ್ಟಿಯಾಗಿದ್ದುದರಿಂದಲೇ ಅದು ಬರಿಯ ಬಟ್ಟೆಯಾಗಿ ಉಳಿಯಲಿಲ್ಲ.

ಒಬ್ಬನ ಎರಡು ಅಂಗಿ

ಆದರೆ ಬರಿಯ ಮೂಲಪತ್ರದಿಂದಲೂ ಬೆಲೆ ಕುದುರುವುದಿಲ್ಲ. 1980ರ ಫೆಬ್ರವರಿ 22ರಂದು ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಹವ್ಯಾಸಿ ಹುಡುಗರು ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದರು. ಗೆಲುವಿನ ಗೋಲು ನಾಯಕ ಮೈಕ್ ಎರುಜಿಯೋನಿಯದು. ಚಿನ್ನ ಇನ್ನೂ ಸಿಕ್ಕಿರಲಿಲ್ಲ. ಎರಡು ದಿನದ ನಂತರ ಫಿನ್‌ಲೆಂಡನ್ನು 4-2ರಿಂದ ಸೋಲಿಸಿದ ಮೇಲೆಯೇ ಪದಕ ಖಾತ್ರಿಯಾದದ್ದು.

2013ರಲ್ಲಿ ಎರುಜಿಯೋನಿ ಎರಡೂ ಅಂಗಿಗಳನ್ನು ಹರಾಜಿಗಿಟ್ಟ. ತೊಟ್ಟವನೇ ಮಾರುತ್ತಿದ್ದಾನೆ, ಮೂಲಪತ್ರದಲ್ಲಿ ಕೊಂಕೇ ಇಲ್ಲ. ಎರಡರ ಮೇಲೂ 21 ಎಂಬ ಅದೇ ಅಂಕಿ. ಸೋವಿಯತ್ ಪಂದ್ಯದ ಅಂಗಿಗೆ 6,57,250 ಡಾಲರ್ ಬಂತು. ಚಿನ್ನ ತಂದುಕೊಟ್ಟ ಪಂದ್ಯದ ಅಂಗಿಗೆ 2,86,800, ಅಂದರೆ ಅರ್ಧಕ್ಕಿಂತ ಕಡಿಮೆ. ಆ ಗೋಲು ಹೊಡೆದ ಕೋಲಿಗೆ 2,62,900. ಚಿನ್ನದ ಅಂಗಿಗೂ ಬರಿಯ ಕೋಲಿಗೂ ಹೆಚ್ಚು ಅಂತರವೇ ಇಲ್ಲ. ಪದಕದ ಲೆಕ್ಕ ದಾಖಲೆಪುಸ್ತಕದಲ್ಲಿರುತ್ತದೆ. ಜನ ದುಡ್ಡು ಕೊಟ್ಟದ್ದು ಶೀತಲ ಸಮರದ ಆ ಒಂದು ಸಂಜೆಗೆ.

ಈ ಮೊತ್ತಗಳು ಹೀಗೆ ಬಿಡಿಬಿಡಿಯಾಗಿ ಕಾಣುವುದಕ್ಕೆ ಕಾರಣ ಹರಾಜು ಮನೆಯ ಕಮಿಷನ್. ಕೂಗು ನಿಂತದ್ದು 5,50,000ಕ್ಕೆ, ಅದರ ಮೇಲೆ ಕೊಂಡವರಿಂದ ಶೇಕಡಾ 19.5. ಪತ್ರಿಕೆಯಲ್ಲಿ ಬರುವ ಬೆಲೆ ಮಾರಿದವನ ಕೈ ಸೇರುವ ಬೆಲೆಯಲ್ಲ ಎಂಬುದನ್ನು ಅಕ್ಕನಿಗೆ ಮೊದಲು ಹೇಳಿದೆ.

ಸಹಿಯ ಸಂತೆ

ಹೆಂಡರ್ಸನ್, ಎರುಜಿಯೋನಿಯ ಅಂಗಿಗಳ ಬೆಲೆ ಸಹಿಯಿಂದ ಬಂದದ್ದಲ್ಲ. ಭಾವ ಕೊಂಡದ್ದು ಬೇರೆ ಜಾತಿಯದು: ಅಂಗಡಿಯ ಅಂಗಿ, ಅದರ ಮೇಲೆ ಸಹಿ, ಅದಕ್ಕೊಂದು ಸಂಖ್ಯೆ.

99 ಎಂದರೆ ವೇಯ್ನ್ ಗ್ರೆಟ್ಸ್ಕಿ. ಹದಿಹರೆಯದಲ್ಲಿ ತನ್ನ ಆರಾಧ್ಯ ಗಾರ್ಡಿ ಹೌನ 9 ಬೇಕೆಂದು ಕೇಳಿದ್ದ, ತಂಡದಲ್ಲಿ ಬೇರೊಬ್ಬರು ಅದನ್ನು ತೊಟ್ಟಿದ್ದರು, ಎರಡು 9 ಹಾಕಿಕೋ ಎಂದು ತರಬೇತುದಾರ ಸೂಚಿಸಿದರು. ಎಳವೆಯಲ್ಲಿ ದೊಡ್ಡ ಹುಡುಗರ ಜೊತೆ ಆಡುತ್ತಿದ್ದಾಗ ದೊಗಲೆ ಅಂಗಿಯ ಬಲತುದಿಯನ್ನು ಚಡ್ಡಿಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದ, ಆ ರೂಢಿ ಕೊನೆಯವರೆಗೂ ಹೋಗಲಿಲ್ಲ. 1988ರ ಆಗಸ್ಟಿನಲ್ಲಿ ಎಡ್ಮಂಟನ್ ತಂಡ ಅವನನ್ನು ಲಾಸ್ ಏಂಜಲಿಸ್‌ಗೆ ಬಿಟ್ಟುಕೊಟ್ಟಾಗ ಊರೇ ಅತ್ತಿತು. ಎಡ್ಮಂಟನ್ನಿಗಾಗಿ ಅವನು ಕೊನೆಯ ಸಲ ತೊಟ್ಟು ಆಡಿದ ಅಂಗಿ 2022ರಲ್ಲಿ 14.52 ಲಕ್ಷ ಡಾಲರಿಗೆ ಹೋಗಿ ಹೆಂಡರ್ಸನ್‌ನ ದಾಖಲೆ ಮುರಿಯಿತು. ಅಕ್ಕನ ಕಿವಿಗೆ ಬಿದ್ದ ಕೋಟಿಯ ಮಾತು ಬಹುಶಃ ಇದೇ.

ಗ್ರೆಟ್ಸ್ಕಿ ತೊಟ್ಟದ್ದು ಬೆರಳೆಣಿಕೆಯಷ್ಟು, ಸಹಿ ಹಾಕಿದ್ದು ಸಾವಿರಾರು. ಬೇಡಿಕೆ ಹೆಚ್ಚಿ ಕೈ ಒಂದೇ ಇದ್ದಾಗ ಏನಾಗುತ್ತದೆಂಬುದು ಅಮೆರಿಕದಲ್ಲಿ 1990ರ ದಶಕದಲ್ಲಿ ಗೊತ್ತಾಯಿತು. ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ ತಮ್ಮದೇ ತಂಡದ ಮಳಿಗೆಯಲ್ಲಿ ತಾವು ಹಾಕದ ಸಹಿಯ ಸಾಮಾನು ಕಂಡರು. ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಹೆಸರಿನಲ್ಲಿ ತನಿಖೆ ನಡೆಸಿ 1999ರ ಅಕ್ಟೋಬರಿನಲ್ಲಿ ದಾಳಿ ಮಾಡಿತು. ಆ ಜಾಲ ಮಾರಿದ ನಕಲಿಯ ಅಂದಾಜು ಮೌಲ್ಯ ಹತ್ತು ಕೋಟಿ ಡಾಲರಿನವರೆಗೆ. ಸಿಕ್ಕಿದ ಮಾಲಿನಲ್ಲಿ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಚೆಂಡುಗಳೂ ಇದ್ದವು. ಕೋಲ್ಕತ್ತಾದ ಆ ತಾಯಿ ಬೇಸ್‌ಬಾಲ್ ಚೆಂಡಿನ ಮೇಲೆ ಯಾವಾಗ ಸಹಿ ಹಾಕಿದರು ಎಂದು ಕೊಂಡವರು ಕೇಳಿಕೊಂಡಿರಲಿಲ್ಲ. ನಕಲಿಗಳ ಜೊತೆಗೆ ಪ್ರಮಾಣಪತ್ರಗಳೂ ಇದ್ದವು. ಸಹಿ ನಕಲು ಮಾಡುವವನಿಗೆ ಪ್ರಮಾಣಪತ್ರ ಅಚ್ಚು ಹಾಕಿಸುವುದೇನು ದೊಡ್ಡದು?

ಅದಕ್ಕೇ ಈಗ ನೆಚ್ಚುವುದು ಕಂಡ ಸಾಕ್ಷಿಯನ್ನು. 1992ರಲ್ಲಿ ಶುರುವಾದ ಅಪ್ಪರ್ ಡೆಕ್ ಅಥೆಂಟಿಕೇಟೆಡ್‌ನಂಥ ಸಂಸ್ಥೆಗಳು ತಮ್ಮ ಪ್ರತಿನಿಧಿಯ ಎದುರಿಗೇ ಸಹಿ ಹಾಕಿಸಿ, ಅಂಗಿಗೊಂದು ಹೊಲೊಗ್ರಾಮ್ ಅಂಟಿಸಿ, ಅದರ ಸಂಖ್ಯೆಯನ್ನು ತಮ್ಮ ದಾಖಲೆಯಲ್ಲಿ ಬರೆದಿಡುತ್ತವೆ. ಗ್ರೆಟ್ಸ್ಕಿ ಸಹಿಯ ಇಂಥ ಅಂಗಿಗೆ ಒಂದೆರಡು ಸಾವಿರ ಡಾಲರ್ ಸಿಗಬಹುದು. ಸಾಕ್ಷಿಯಿಲ್ಲದ ಅದೇ ಸಹಿಗೆ ಅದರ ಒಂದು ಪಾಲೂ ಹುಟ್ಟುವುದಿಲ್ಲ.

ಇನ್ನು 61/99 ಎಂಬ ಸಂಖ್ಯೆ. ಇದು ಚಿತ್ರ ಅಚ್ಚು ಹಾಕುವ ಕಲಾವಿದರಿಂದ ಬಂದ ಪದ್ಧತಿ. ಇಷ್ಟೇ ಪ್ರತಿ, ಆಮೇಲೆ ಅಚ್ಚಿನ ಫಲಕ ಕೆಡಿಸುತ್ತೇವೆ ಎಂಬ ಮಾತು. ಜರ್ಸಿಯಲ್ಲಿ ಕೆಡಿಸಲು ಫಲಕವೇ ಇಲ್ಲ. ನೀಲಿಯಲ್ಲಿ 99 ಮುಗಿದರೆ ಬಿಳಿಯಲ್ಲಿ ಇನ್ನೊಂದು 99 ತರಬಹುದು, ಮರುವರ್ಷ ತೋಳಿಗೊಂದು ಪಟ್ಟಿ ಹೊಲಿದು ಮತ್ತೊಂದು. ಮೊದಲ ಮತ್ತು ಕೊನೆಯ ಸಂಖ್ಯೆಗೆ ಕೊಂಚ ಹೆಚ್ಚು ಬೆಲೆ ಬರುತ್ತದೆ, 61ಕ್ಕೆ ಏನೂ ಇಲ್ಲ. ಹೆಂಡರ್ಸನ್‌ನ ಅಂಗಿಗೆ ಮಿತಿ ಹಾಕಿದ್ದು 1972ರ ಆ ದಿನ, ಅದನ್ನು ಯಾರೂ ಮತ್ತೆ ಅಚ್ಚು ಹಾಕಲಾರರು. 'ಲಿಮಿಟೆಡ್ ಎಡಿಷನ್'ಗೆ ಮಿತಿ ಹಾಕಿದ್ದು ಮಾರುವವನ ಮಾತು, ಮಾತಿನ ಬೆಲೆ ಆಡಿದವನನ್ನು ನೋಡಿಯೇ.

ಕಟ್ಟಿನ ಹಿಂಬದಿ

ದೀಪಾವಳಿಗೆ ಪುಣೆಯಿಂದ ಮೈಸೂರಿಗೆ ಹೋದಾಗ ಅಕ್ಕನೂ ನಾನೂ ಕಟ್ಟಿನ ಹಿಂಬದಿ ಬಿಚ್ಚಿದೆವು. ಅಂಗಿ ರೆಪ್ಲಿಕಾ, ಒಳಗೆ ಫೈಟ್ ಸ್ಟ್ರಾಪ್ ಇರಲಿಲ್ಲ. ಹೊಲೊಗ್ರಾಮ್ ಇರಲಿಲ್ಲ. ಪ್ರಮಾಣಪತ್ರ ಕೊಟ್ಟದ್ದು ಮಾರಿದ ಅಂಗಡಿಯೇ, ಆ ಅಂಗಡಿ ಈಗಿಲ್ಲ. 99ರ ಮಿತಿಯೂ ಅವರೇ ಹಾಕಿಕೊಂಡದ್ದು. ಅಮೆರಿಕಕ್ಕೆ ಕಳಿಸಿ ಸಹಿ ಪರೀಕ್ಷೆ ಮಾಡಿಸಬಹುದು, ಶುಲ್ಕ ಮತ್ತು ಸಾಗಣೆ ನಮ್ಮದು, ಬರುವುದು ಒಂದು ಅಭಿಪ್ರಾಯ. ಅಕ್ಕ ಬೇಡವೆಂದಳು. ಫೀಸಿಗೆ ಎಲ್‌ಐಸಿ ದುಡ್ಡು ಮುರಿಸಿದಳು.

ಪ್ರಮಾಣಪತ್ರದ ಹಿಂದೆ ಮಡಚಿದ ರಸೀದಿ ಸಿಕ್ಕಿತು. ಮೂರು ಕಂತು, ಮೂರು ತಿಂಗಳು. ಮೊದಲ ಕಂತಿನ ತಾರೀಕು ನೋಡಿ ಅಕ್ಕ, "ಇವನು ಹುಟ್ಟಿದ ತಿಂಗಳು. ಮಗ ದೊಡ್ಡವನಾದ ಮೇಲೆ ಕೊಡ್ತೀನಿ ಅಂತ ಏನೋ ಒಂದು ಹೇಳ್ತಿದ್ರು, ನಾನು ಕಿವಿಗೆ ಹಾಕ್ಕೊಂಡಿರಲಿಲ್ಲ" ಅಂದಳು.

ಒಂದು ಹಾಳೆ ತಂದೆ. ಯಾವ ಊರಲ್ಲಿ, ಯಾವ ಚಳಿಗಾಲದಲ್ಲಿ, ಎಷ್ಟು ಕಂತಿನಲ್ಲಿ, ಯಾರಿಗಾಗಿ ಕೊಂಡದ್ದು, ಅಕ್ಕ ಹೇಳುತ್ತ ಹೋದಳು, ನಾನು ಕನ್ನಡದಲ್ಲೇ ಬರೆದೆ. ಸಹಿಯ ಬಗ್ಗೆ ಖಾತ್ರಿಯಿಲ್ಲ ಎಂಬುದನ್ನೂ ಬರೆದೆ. ಕೆಳಗೆ ತಾರೀಕು ಹಾಕಿ ಅಕ್ಕ ತನ್ನ ಹೆಸರು ಬರೆದಳು. ಹಾಳೆಯನ್ನೂ ರಸೀದಿಯನ್ನೂ ಕಟ್ಟಿನ ಹಿಂದೆ ಸೇರಿಸಿ ಮೊಳೆ ಹೊಡೆದೆವು.