ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್
2002ರಲ್ಲಿ ತೆರೆಕಂಡ ಬ್ರಿಟಿಷ್ ಹಾಸ್ಯಚಿತ್ರ. ನಿರ್ದೇಶಕಿ ಗುರಿಂದರ್ ಚಡ್ಢಾ. ಪಶ್ಚಿಮ ಲಂಡನ್ನಿನ ಹೌನ್ಸ್ಲೊದಲ್ಲಿ ನೆಲೆಸಿದ ಪಂಜಾಬಿ ಸಿಖ್ ಕುಟುಂಬದ ಕಿರಿಮಗಳು ಜೆಸ್ (ಪರ್ಮಿಂದರ್ ನಾಗ್ರಾ), ಮನೆಯವರ ಕಣ್ತಪ್ಪಿಸಿ, ಗೆಳತಿ ಜೂಲ್ಸ್ (ಕೀರಾ ನೈಟ್ಲಿ) ಆಡುವ ಹುಡುಗಿಯರ ಫುಟ್‌ಬಾಲ್ ತಂಡ ಸೇರುತ್ತಾಳೆ. ಮಗಳು ವಕೀಲಿಕೆ ಓದಬೇಕು, ದುಂಡಗೆ ಚಪಾತಿ ಲಟ್ಟಿಸಲು ಕಲಿಯಬೇಕು ಎಂಬುದು ಹೆತ್ತವರ ಹಂಬಲ. ನೈರೋಬಿಯಲ್ಲಿ ವೇಗದ ಬೌಲರ್ ಆಗಿದ್ದ ತಂದೆಗೆ (ಅನುಪಮ್ ಖೇರ್) ಇಂಗ್ಲೆಂಡಿನ ಕ್ರಿಕೆಟ್ ಕ್ಲಬ್ಬುಗಳು ಬಾಗಿಲು ತೆರೆದಿರಲಿಲ್ಲ. ಮಗಳ ಆಟಕ್ಕೆ ಅವನು ತೋರುವ ವಿರೋಧದ ಬೇರು ಆ ಹಳೆಯ ನೋವೇ. ಅಕ್ಕನ ಮದುವೆಯ ದಿನವೇ ಫೈನಲ್ ಪಂದ್ಯ. ಫ್ರೀ ಕಿಕ್‌ಗೆ ನಿಂತ ಜೆಸ್‌ಗೆ ಎದುರಾಳಿಗಳ ಸಾಲಿನಲ್ಲಿ ಅಮ್ಮ, ಅಕ್ಕ, ಬಂಧು ಹೆಂಗಸರೇ ಅಡ್ಡ ನಿಂತಂತೆ ಕಾಣುತ್ತದೆ. ಚೆಂಡು ಅವರನ್ನು ಬಳಸಿ, ಬಾಗಿ, ಬಲೆ ಸೇರುತ್ತದೆ. ಫುಟ್‌ಬಾಲ್ ಆಟಗಾರ ಬೆಕ್‌ಹ್ಯಾಮ್‌ನಂತೆ ಚೆಂಡನ್ನು ಬಾಗಿಸುವುದು: ಚಿತ್ರದ ಹೆಸರಿನ ತಿರುಳೂ ಇದೇ. 2015ರಲ್ಲಿ ಇದು ಲಂಡನ್ನಿನ ರಂಗಮಂದಿರದಲ್ಲಿ ಸಂಗೀತ ನಾಟಕವಾಯಿತು.